ಪರವಾಗಿಲ್ಲ ಮೇಡಂ ದೂರು ಕೊಟ್ಟದ್ದು

ಡ್ರೈವಿಂಗ್ ಸ್ಕೂಲಿನ ಆ ಬಿಳಿ ಕಾರಿಗೆ ಎರಡು ಬ್ರೇಕುಗಳಿದ್ದವು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತು ಕಲಿಸುವ ಮೇಡಂ ಕಾಲಡಿ. ಕಲಿಯುವವರ ಬ್ರೇಕು ಬಹುಮಟ್ಟಿಗೆ ಶೋಭೆಗೆ ಇದ್ದದ್ದು. ಕಾರು ನಿಲ್ಲುತ್ತಿದ್ದದ್ದು ಮೇಡಂ ಬ್ರೇಕಿನಿಂದ. ಆದರೆ ಅವಳು ಎಷ್ಟು ಮೆತ್ತಗೆ ಒತ್ತುತ್ತಿದ್ದಳೆಂದರೆ ಸ್ಟಿಯರಿಂಗ್ ಹಿಡಿದವರಿಗೆ ಅದು ತಮ್ಮದೇ ಪ್ರತಾಪ ಅನ್ನಿಸುತ್ತಿತ್ತು. ಎದುರಿಗೆ ಬಂದ ಲಾರಿಯಿಂದ ಪಾರಾದವನು ಮೀಸೆ ತಿರುವಿಕೊಳ್ಳುತ್ತಿದ್ದ, ಮೇಡಂ ಕಿಟಕಿಯಾಚೆ ನೋಡುತ್ತಿದ್ದಳು.

ಬೇರೆ ಸ್ಕೂಲುಗಳಲ್ಲಿ ಕಲಿಸುವವರು ಬೈಯುತ್ತಾರೆ. ಕೆಲವರು ಮಂಡಿಯ ಮೇಲೆ ಸ್ಕೇಲಿನಲ್ಲಿ ಹೊಡೆಯುವುದೂ ಉಂಟು. ಮೇಡಂ ಸಿದ್ಧಾಂತ ಬೇರೆ. ಹೆದರಿದವನ ಕಾಲು ಯಾವ ಪೆಡಲ್ಲಿಗೆ ಹೋಗುತ್ತದೆಂದು ಅವನಿಗೇ ಗೊತ್ತಿರುವುದಿಲ್ಲ, ಆದ್ದರಿಂದ ಕಲಿಯುವವರನ್ನು ಹೆದರಿಸಬಾರದು. ಗೇರು ಕಿರುಚಿದರೂ ಅವಳು "ಪರವಾಗಿಲ್ಲ" ಅನ್ನುವಳು. ಕಾರು ಚೌಕದ ನಡುವೆ ನಿಂತು ನಾಲ್ಕು ದಿಕ್ಕಿನಿಂದ ಹಾರ್ನ್ ಬಡಿದರೂ ಪರವಾಗಿಲ್ಲ. ಒಬ್ಬಾತ ಬೀದಿದೀಪದ ಕಂಬಕ್ಕೆ ಗುದ್ದಿ ಅಳುವುದಕ್ಕೇ ಕೂತಾಗ ಅವಳು ಹೇಳಿದ್ದು, "ಪರವಾಗಿಲ್ಲ, ಕಂಬ ಇನ್ನೂ ನಿಂತಿದೆ." ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ಅವಳ ಕೈಕೆಳಗೆ ಕಲಿತವರು. ಅವರೆಲ್ಲ ಸೇರಿ ಅವಳಿಗೆ ಇಟ್ಟ ಹೆಸರು ಪರವಾಗಿಲ್ಲ ಮೇಡಂ. ಅವಳ ನಿಜವಾದ ಹೆಸರು ರೇಷನ್ ಅಂಗಡಿಯವನಿಗೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ.

ಮನೆಯಲ್ಲೂ ಅವಳದು ಇದೇ ಪಾಠ. ದೂರುವ ಖಾತೆ ಪೂರ್ತಿಯಾಗಿ ಗಂಡನ ಕೈಯಲ್ಲಿತ್ತು. ಅವನು ನೀರಿನ ಪಂಪು ರಿಪೇರಿ ಮಾಡುವವನು. ಬೆಳಗಾದರೆ ಪಂಪು ಮಾಡಿದ ಕಂಪನಿಯಿಂದ ಶುರು ಮಾಡಿ, ಅದನ್ನು ಕೊಂಡವರು, ಕೂರಿಸಿದವರು, ಹಿಂದೆ ರಿಪೇರಿ ಮಾಡಿದವರು, ಎಲ್ಲರ ಜನ್ಮ ಜಾಲಾಡುತ್ತಿದ್ದ. ಸಂಜೆ ಬಂದು ಸಾರಿನ ಉಪ್ಪು, ಫ್ಯಾನಿನ ಸದ್ದು, ಮೇಲಿನ ಮನೆಯವರ ಚಪ್ಪಲಿ. ಅತ್ತೆ ಆಗಾಗ ಹೇಳುವರು, "ನಮ್ಮವನಿಗೆ ಬಾಯಿ ಜಾಸ್ತಿ, ಸೊಸೆಗೆ ಬಾಯೇ ಇಲ್ಲ. ಇಬ್ಬರದ್ದೂ ಕೂಡಿಸಿ ಭಾಗ ಮಾಡಿದ್ರೆ ಒಂದು ಒಳ್ಳೆ ಸಂಸಾರ ಆಗ್ತಿತ್ತು."

ಕಣ್ಣಿನ ಕಥೆ ಶುರುವಾದದ್ದು ಒಂದು ನೊಣದಿಂದ. ಕ್ಲಾಸಿನ ಮಧ್ಯೆ ಎಡಗಣ್ಣಿನ ಮುಂದೆ ಒಂದು ನೊಣ ಹಾರಾಡಿದ ಹಾಗಾಯಿತು. ಅವಳು ಕೈ ಬೀಸಿ ಓಡಿಸಿದಳು. ಅದನ್ನು ಸನ್ನೆಯೆಂದು ತಿಳಿದ ಕಲಿಯುವವಳು ಕಾರನ್ನು ಎಡಕ್ಕೆ ತಿರುಗಿಸಿ ಯಾರದೋ ಗೇಟಿನೊಳಗೆ ನುಗ್ಗಿಸಿದಳು. ಮೇಡಂ ಬ್ರೇಕ್ ಒತ್ತಿ, ಮನೆಯವರಿಗೆ ಕೈಮುಗಿದು, ಪರವಾಗಿಲ್ಲ ಅಂದಳು. ನೊಣ ಮಾತ್ರ ಹೋಗಲಿಲ್ಲ. ಕಿಟಕಿ ಮುಚ್ಚಿದರೂ ಇತ್ತು, ಕಣ್ಣು ಮುಚ್ಚಿದರೂ ಇತ್ತು. ಎರಡು ದಿನದಲ್ಲಿ ಅದರ ಬಂಧುಬಳಗವೂ ಬಂತು. ಜೊತೆಗೆ ಎಡಗಣ್ಣಿನ ಮೂಲೆಯಲ್ಲಿ ಆಗೊಮ್ಮೆ ಈಗೊಮ್ಮೆ ಮಿಂಚು ಹೊಡೆದ ಹಾಗೆ ಬೆಳಕು.

ಕಣ್ಣಿನ ಡಾಕ್ಟರು ಬೇರೆ ಯಾರೂ ಅಲ್ಲ, ಅವಳ ಹಳೆಯ ಶಿಷ್ಯ. ಓದುತ್ತಿದ್ದ ಕಾಲದಲ್ಲಿ ಕಾರು ಕಲಿಯಲು ಬಂದಿದ್ದ. ಅಂಗೈ ಬೆವತು ಸ್ಟಿಯರಿಂಗ್ ಜಾರುತ್ತಿತ್ತು, ಅದಕ್ಕೆಂದೇ ಮಡಿಲಲ್ಲಿ ಒಂದು ಟವೆಲ್ ಇಟ್ಟುಕೊಳ್ಳುತ್ತಿದ್ದ. ಪ್ರತಿ ತಿರುವು ಮುಗಿದ ಕೂಡಲೇ ಅವಳ ಕಡೆ ತಿರುಗಿ, "ಸರಿ ಹೋಯ್ತಾ ಮೇಡಂ?" ಅನ್ನುವನು. ತಿರುವಿನ ಮುಕ್ಕಾಲು ಪಾಲು ಅವಳದೇ ಆಗಿದ್ದರೂ ಅವಳು "ಚೆನ್ನಾಗಿ ಹೋಯ್ತು" ಅನ್ನುವಳು. ಅವನು ಪರೀಕ್ಷೆ ಪಾಸಾದದ್ದು ಪರೀಕ್ಷೆಯವನಿಗೂ ಆಶ್ಚರ್ಯವೇ. ಈಗ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವನಿಗೆ ಸ್ವಂತ ಕೋಣೆ, ಬಾಗಿಲ ಹೊರಗೆ ಬೆಂಚು ತುಂಬ ಜನ. ಮೇಡಂ ಬಂದಳೆಂದು ತಿಳಿದು ಸರದಿ ಮುರಿದು ಒಳಗೆ ಕರೆದ. ಗೋಡೆಯ ಅಕ್ಷರ ಓದಿಸಿದ, ಅವಳು ಓದಿದಳು. ಕಣ್ಣಿಗೆ ಬೆಳಕು ಬಿಟ್ಟು ನೋಡಿದ. ಮಿಂಚು, ನೊಣ ಎಲ್ಲ ಕೇಳಿಸಿಕೊಂಡು, "ವಯಸ್ಸಿಗೆ ಇದೆಲ್ಲ ಇದ್ದದ್ದೇ ಮೇಡಂ. ಕಣ್ಣು ಒಣಗಿದೆ" ಎಂದು ಡ್ರಾಪ್ಸ್ ಬರೆದುಕೊಟ್ಟ. ಆ ಕಾರು ಇನ್ನೂ ಓಡುತ್ತಾ ಎಂದು ವಿಚಾರಿಸಿದ. ಓಡುತ್ತೆ ಅಂದಳು.

ಡ್ರಾಪ್ಸ್ ಹಾಕಿಕೊಂಡದ್ದಾಯಿತು. ಮಿಂಚು ನಿಂತಿತು. ಆದರೆ ಮೂಗಿನ ಪಕ್ಕದಿಂದ ಒಂದು ನೆರಳು ಬಂದು ಕೂತಿತು, ಅರ್ಧ ಎಳೆದು ಬಿಟ್ಟ ಪರದೆಯ ಹಾಗೆ. ಅವಳು ಮತ್ತೆ ಹೋದಳು. ಡಾಕ್ಟರು ತಲೆ ಎತ್ತಿ ನೋಡಿದ, ಮುಖದಲ್ಲಿ ಹಳೆಯ ಆ ಗಾಬರಿ. "ಸರಿ ಹೋಯ್ತಾ ಮೇಡಂ?"

ಇಲ್ಲಿ ನಡೆದ ತಪ್ಪು ಬೇರೆ ಯಾರೂ ಮಾಡುವಂಥದ್ದಲ್ಲ. ಕಣ್ಣು ತೋರಿಸಲು ಬಂದ ರೋಗಿ ತಾನು ಎಂಬುದು ಅವಳಿಗೆ ಆ ಕ್ಷಣ ಮರೆತೇಹೋಯಿತು. ಎದುರಿಗಿದ್ದದ್ದು ಒಬ್ಬ ಹೆದರಿದ ಶಿಷ್ಯ. ಹೆದರಿದವನಿಗೆ ಏನು ಹೇಳಬೇಕೋ ಅದನ್ನು ಬಾಯಿ ತಾನಾಗಿ ಹೇಳಿತು. "ಪರವಾಗಿಲ್ಲ, ಕಡಿಮೆ ಆಗಿದೆ. ಒಂಚೂರು ನೆರಳಿದೆ ಅಷ್ಟೆ."

ಅವನು ಮೊದಲ ಅರ್ಧ ಹಿಡಿದುಕೊಂಡ, ಎರಡನೆಯ ಅರ್ಧ ಬಿಟ್ಟುಬಿಟ್ಟ. ಅದೇ ಡ್ರಾಪ್ಸ್ ಮುಂದುವರಿಸಲು ಹೇಳಿದ. ಅವಳಿಗೆ, ಹುಡುಗ ಚೆನ್ನಾಗಿ ಬೆಳೆದ ಎಂದು ಖುಷಿಯೂ ಆಯಿತು.

ಮುಂದಿನ ವಾರ ಎಡಗಡೆಯ ಸಂದಿಯಿಂದ ಒಂದು ಸೈಕಲ್ಲು ಬಂತು. ಬಂದದ್ದು ಎಲ್ಲರಿಗೂ ಕಂಡಿತು, ಅವಳೊಬ್ಬಳಿಗೆ ಬಿಟ್ಟು. ಕಲಿಯುವವನು ತಾನೇ ಬ್ರೇಕ್ ಒತ್ತಿದ. ಸೈಕಲ್ಲಿನವನು ಬೈದು ಹೋದ. ಅಷ್ಟು ವರ್ಷದ ನೌಕರಿಯಲ್ಲಿ ಮೊದಲ ಸಲ ಕಾರನ್ನು ಶಿಷ್ಯ ನಿಲ್ಲಿಸಿದ್ದ. ಅವನು ಅಭಿನಂದನೆಗೆ ಕಾದು ಕೂತ. ಮೇಡಂ ಬಲಗಣ್ಣು ಮುಚ್ಚಿ ನೋಡಿದಳು, ರಸ್ತೆಯ ಒಂದು ಪಟ್ಟಿ ಬಿಟ್ಟರೆ ಉಳಿದದ್ದೆಲ್ಲ ಬೂದಿ ಬಣ್ಣ. ಕ್ಲಾಸು ಅಲ್ಲಿಗೇ ಮುಗಿಸಿ, ಆಟೋ ಹಿಡಿದು ದೊಡ್ಡಾಸ್ಪತ್ರೆಗೆ ಹೋದಳು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಪಾಪೆ ಅಗಲವಾಗುವ ಔಷಧಿ ಬಿಟ್ಟು, ಕಾಯಿಸಿ, ಕಣ್ಣಿನ ಹಿಂಭಾಗವನ್ನು ಮೂಲೆಮೂಲೆ ನೋಡಿದಳು. ಕಣ್ಣಿನ ಹಿಂದೆ ಒಂದು ತೆಳು ಪೊರೆ ಇರುತ್ತದೆ, ಕಾಣುವುದು ಅದರಿಂದ. ಅದು ಮೊದಲು ಹರಿದಿದೆ, ಆಮೇಲೆ ಗೋಡೆಯ ಗಾರೆ ಕಿತ್ತು ಬಂದ ಹಾಗೆ ಬಿಟ್ಟುಕೊಂಡಿದೆ. "ಮಿಂಚು ಕಂಡಾಗ್ಲೇ ಹೀಗೆ ಒಳಗಡೆ ನೋಡಿದ್ರೆ ತೂತು ಕಾಣ್ತಿತ್ತು. ಲೇಸರ್ ಹಾಕಿ ಕಳಿಸಬಹುದಿತ್ತು. ಯಾಕಿಷ್ಟು ತಡ ಮಾಡಿದ್ರಿ?" ಎಂದು ಆ ಡಾಕ್ಟರಮ್ಮ ಕೇಳಿದಳು. ಆಪರೇಷನ್ ಆಯಿತು. ಪೊರೆ ಕೂತಿತು, ದೃಷ್ಟಿ ಬರಲಿಲ್ಲ.

ಮನೆಯಲ್ಲಿ ಕೇಳಿದವರಿಗೆ ಅವಳು ಹೇಳಿದ್ದು, "ಎಡಗಡೆ ಸ್ವಲ್ಪ ಮಬ್ಬು." ಗಂಡನಿಗೂ ಅಷ್ಟೆ. ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದರೆ ಬಾಗಿಲು ಚಿಕ್ಕದಾಯಿತು ಅನ್ನುವಳು. ಲೋಟದ ಪಕ್ಕದಲ್ಲಿ ನೀರು ಸುರಿದರೆ ತಾನೇ ಒರೆಸುವಳು. ಕಲಿಸುವವರ ಪರವಾನಗಿಗೆ ಎರಡು ಕಣ್ಣೂ ಬೇಕು, ಅದು ಹೋಯಿತು. ಸ್ಕೂಲಿನ ಮಾಲೀಕ ಒಳ್ಳೆಯವನು, ಅವಳನ್ನು ಬೀದಿಗೆ ಬಿಡಲಿಲ್ಲ, ಒಳಗೆ ಕೂರಿಸಿದ. ಈಗ ಅವಳು ಒಂದು ಕೋಣೆಯಲ್ಲಿ, ಕೋಲು ಹಿಡಿದು, ಗೋಡೆಯ ಮೇಲಿನ ಟ್ರಾಫಿಕ್ ಚಿಹ್ನೆಗಳನ್ನು ತೋರಿಸುತ್ತಿದ್ದಳು. ಚಿಹ್ನೆಗಳು ಹೆದರುವುದಿಲ್ಲ, ಹಾಗಾಗಿ ಅವಳಿಗೆ ಹೇಳಲು ಏನೂ ಇರುತ್ತಿರಲಿಲ್ಲ. ಕಿಟಕಿಯಿಂದ ಆ ಬಿಳಿ ಕಾರು ಹೊರಡುವುದು ಕಾಣುತ್ತಿತ್ತು. ಪಕ್ಕದ ಸೀಟಿನಲ್ಲಿ ಹೊಸಬ, ಅವನ ಬೈಗುಳ ಗಾಜು ಮುಚ್ಚಿದ್ದರೂ ಕೇಳಿಸುತ್ತಿತ್ತು. ಆ ಸೀಟಿಗಾಗಿ ಅವಳು ಒಳಗೊಳಗೇ ಹಂಬಲಿಸುತ್ತಿದ್ದಳು. ಅದನ್ನೂ ಯಾರಿಗೂ ಹೇಳಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅಂದದ್ದು ಹೇಗೋ ಗಂಡನ ಕಿವಿಗೆ ಬಿತ್ತು. ಅವನ ಜೀವಮಾನದ ದೂರುವ ಅಭ್ಯಾಸಕ್ಕೆ ಕೊನೆಗೂ ಒಂದು ಯೋಗ್ಯ ಕಾರಣ ಸಿಕ್ಕಿತ್ತು. "ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ. ಅವನ ಕೈಗೆ ಕೋಳ ಹಾಕಿಸ್ತೀನಿ."

ಅತ್ತೆ ಹಾಸಿಗೆಯಿಂದಲೇ ಹೇಳಿದರು, "ಕೋರ್ಟಿಗೆ ಹೋಗಬೇಡ್ರಪ್ಪ. ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ."

"ಬಾಯಿದ್ದವನು ಬರಗಾಲದಲ್ಲೂ ಬದುಕ್ದ ಅಂತ ನೀನೇ ಹೇಳ್ತಿದ್ದೆ."

"ಅದು ಊಟದ ವಿಷಯಕ್ಕೆ ಕಣೋ," ಅಂದರು ಅತ್ತೆ.

ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಮೇಡಂ ಅಕ್ಕಿ ಆರಿಸುತ್ತ ಕೂತಿದ್ದಳು. ಅವಳಿಗೆ ಡಾಕ್ಟರ ಕೈಗೆ ಕೋಳವೂ ಬೇಕಿರಲಿಲ್ಲ, ಕೋರ್ಟಿನ ಭಯವೂ ಇರಲಿಲ್ಲ. ಒಂದೇ ಒಂದು ಪ್ರಶ್ನೆ ಒಳಗೆ ಕೊರೆಯುತ್ತಿತ್ತು. ಎರಡನೇ ಸಲ ಹೋದಾಗ ಕಡಿಮೆ ಆಗಿದೆ ಅಂದವಳು ತಾನೇ ಅಲ್ಲವೇ? ಹಾಗಾದರೆ ಈ ಕಣ್ಣನ್ನು ಕಳೆದದ್ದು ಯಾರು? ಹಲ್ಲುಜ್ಜುವಾಗಲೂ ಇದೇ, ಬಟ್ಟೆ ಒಣಹಾಕುವಾಗಲೂ ಇದೇ. ಯಾರಾದರೂ ತಿಳಿದವರು ಕೂತು, ತಪ್ಪು ಇಂಥವರದ್ದು ಎಂದು ಹೇಳಿಬಿಟ್ಟರೆ ಸಾಕಾಗಿತ್ತು, ತನ್ನದೇ ಆದರೂ ಸರಿ. ಹಾಗೆಂದುಕೊಂಡು ಅವಳು ಗಂಡನ ಜೊತೆ ವಕೀಲೆಯ ಹತ್ತಿರ ಹೊರಟಳು.

ವಕೀಲೆಯೂ ಶಿಷ್ಯೆಯೇ. ಅವಳ ಕಾರು ಆಫೀಸಿನ ಮುಂದೆ ಒಂದು ಚಕ್ರವನ್ನು ಫುಟ್‌ಪಾತಿನ ಮೇಲೆ ಹತ್ತಿಸಿಕೊಂಡು ನಿಂತಿತ್ತು. ಮೇಡಂ ಅದನ್ನು ನೋಡಿಯೂ ನೋಡದ ಹಾಗೆ ಒಳಗೆ ಹೋದಳು. ಕೋಣೆಯಲ್ಲಿ ಫೈಲುಗಳ ನಡುವೆ ಮನುಷ್ಯರು ಕೂರುವಷ್ಟು ಜಾಗ ಮಾಡಲಾಗಿತ್ತು.

"ಪೊಲೀಸ್," ಎಂದು ಗಂಡ ಶುರು ಮಾಡಿದ.

"ಕೊಡಬಹುದು," ಎಂದಳು ವಕೀಲೆ. "ಆದ್ರೆ ಕ್ರಿಮಿನಲ್ ಕೇಸಿಗೆ ಬರೀ ತಪ್ಪಾದ್ರೆ ಸಾಲದು ಯಜಮಾನ್ರೇ. ಕಣ್ಮುಚ್ಚಿಕೊಂಡು ಮಾಡಿದ ಅಂತ ಹೇಳೋ ಮಟ್ಟದ ನಿರ್ಲಕ್ಷ್ಯ ಇರಬೇಕು, ಅದನ್ನ ಬೇರೆ ಡಾಕ್ಟ್ರುಗಳೇ ಬಂದು ಹೇಳಬೇಕು. ಎಷ್ಟೋ ಸಲ ಅಲ್ಲೇ ಬಿದ್ದುಹೋಗತ್ತೆ. ಇನ್ನೊಂದು, ಡಾಕ್ಟ್ರುಗಳ ಮಂಡಳಿಗೆ ದೂರು. ಅವರು ವಿಚಾರಣೆ ಮಾಡಿ ಎಚ್ಚರಿಕೆ ಕೊಡಬಹುದು, ಸ್ವಲ್ಪ ಕಾಲ ಪ್ರಾಕ್ಟೀಸ್ ನಿಲ್ಲಿಸಬಹುದು. ಪರಿಹಾರ ಅಂತ ನಿಮಗೇನೂ ಸಿಗಲ್ಲ. ಪರಿಹಾರ ಬೇಕಂದ್ರೆ ಸಿವಿಲ್ ಕೋರ್ಟಿದೆ, ಗ್ರಾಹಕರ ನ್ಯಾಯಾಲಯ ಇದೆ. ಎರಡನೇದು ಬೇಗ ಮುಗಿಯತ್ತೆ."

"ಎಷ್ಟು ಬೇಗ?"

"ಕಾಗದದ ಮೇಲೆ ಬೇಗ," ಅಂದಳು ವಕೀಲೆ. "ಎಲ್ಲಿಗೆ ಹೋದ್ರೂ ಕಾಲಮಿತಿ ಇದೆ, ಇವತ್ತು ನಾಳೆ ಅಂತ ಕೂತ್ರೆ ಬಾಗಿಲೇ ಮುಚ್ಚಿಹೋಗತ್ತೆ. ನಡುವೆ ಯಾವಾಗ ಬೇಕಾದ್ರೂ ಮಧ್ಯಸ್ಥರ ಮುಂದೆ ಕೂತು ರಾಜಿ ಮಾಡ್ಕೋಬಹುದು."

ಆಮೇಲೆ ಅವಳು ಏನೇನು ತೋರಿಸಬೇಕೆಂದು ವಿವರಿಸಿದಳು. ಅವನು ಇವಳ ಡಾಕ್ಟರು ಎಂಬುದು ಸುಲಭ. ಆ ಜಾಗದಲ್ಲಿ ಸಾಧಾರಣ ಎಚ್ಚರ ಇರುವ ಕಣ್ಣಿನ ಡಾಕ್ಟರು ಯಾರೇ ಆದರೂ ಒಳಗೆ ನೋಡುತ್ತಿದ್ದರು, ಇವನು ನೋಡಲಿಲ್ಲ ಎಂಬುದಕ್ಕೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕು. ಕಷ್ಟದ್ದು ಮುಂದಿನದು. ನೋಡಿದ್ದರೆ ಕಣ್ಣು ಉಳಿಯುತ್ತಿತ್ತು, ನೋಡದ್ದಕ್ಕೇ ಹೋಯಿತು ಎಂದು ತೋರಿಸಬೇಕು. "ರೋಗ ಗೊತ್ತಾಗದೇ ಇದ್ದದ್ದೆಲ್ಲ ನಿರ್ಲಕ್ಷ್ಯ ಅಲ್ಲ ಮೇಡಂ. ಎಚ್ಚರದಿಂದ ನೋಡಿದವರೂ ಒಮ್ಮೊಮ್ಮೆ ತಪ್ಪಬಹುದು. ನೋಡದೇ ತಪ್ಪಿದ್ರೆ ಅದು ಬೇರೆ. ಮತ್ತೆ ಅವರ ಕಡೆ ವಕೀಲರು ನಿಮ್ಮ ಮೇಲೆ ಏನು ಹಾಕಬಹುದು ಅಂತ ಹುಡುಕ್ತಾರೆ. ನೀವೇನಾದ್ರೂ ಅಂದಿದ್ರಾ?"

ಮೇಡಂ ಸೆರಗಿನ ಅಂಚು ನೋಡಿದಳು. ಆಮೇಲೆ ಎರಡನೇ ಸಲದ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು.

ವಕೀಲೆ ಪೆನ್ನು ಕೆಳಗಿಟ್ಟಳು. ಗಂಡನಿಗೂ ಇದು ಹೊಸ ಸುದ್ದಿ. ಅವನು ಅವಳನ್ನೇ ನೋಡಿ, "ಅವನಿಗ್ಯಾಕೆ ಧೈರ್ಯ ಹೇಳೋಕೆ ಹೋದೆ?" ಎಂದ.

"ಹೆದರಿದ್ದ."

"ಕಣ್ಣು ಯಾರದ್ದು?"

"ನಂದು."

ಗಂಡ ಫೈಲುಗಳ ಕಡೆ ತಿರುಗಿ, ಅವುಗಳಿಗೇ ಎಂಬಂತೆ, "ನೋಡಿ, ಇಂಥವಳ ಜೊತೆ ನಾನು ಸಂಸಾರ ಮಾಡಿದೀನಿ" ಎಂದ.

ವಕೀಲೆ ನಕ್ಕು ದೂರು ಸಿದ್ಧಪಡಿಸಿದಳು. ಕಳಿಸುವಾಗ ಬಾಗಿಲವರೆಗೂ ಬಂದು ಮೇಡಂ ಕೈ ಹಿಡಿದುಕೊಂಡಳು. "ಸುಳ್ಳು ಹೇಳಿ ಅನ್ನಲ್ಲ. ಕೇಳಿದ್ರೆ ನಿಜ ಹೇಳಿ. ಆದ್ರೆ ದಮ್ಮಯ್ಯ ಅಂತೀನಿ, ಅವರ ಮುಂದೆ ಆ ನಿಮ್ಮ ಒಂದು ಪದ ಮಾತ್ರ ಬಾಯಿಂದ ಬರಬಾರದು." ಯಾವ ಪದ ಎಂದು ಯಾರೂ ಕೇಳಲಿಲ್ಲ. ಮೇಡಂ "ಆಯ್ತು" ಎಂದು, ತಡೆಯಲಾರದೆ, ಕಾರನ್ನು ಸ್ವಲ್ಪ ಹಿಂದಕ್ಕೆ ತೆಗೆದರೆ ಚಕ್ರ ಇಳಿಯುತ್ತದೆ ಎಂದು ಹೇಳಿ ಬಂದಳು.

ದೂರು ಗ್ರಾಹಕರ ನ್ಯಾಯಾಲಯಕ್ಕೆ ಹೋಯಿತು. ಎದುರಿನವರ ಉತ್ತರ ಬಂತು. ರೋಗಿಯೇ ಖುದ್ದಾಗಿ ಕಡಿಮೆಯಾಗಿದೆ ಎಂದಿದ್ದರಿಂದ ಹೆಚ್ಚಿನ ತಪಾಸಣೆಯ ಅಗತ್ಯ ಕಾಣಲಿಲ್ಲ ಎಂದು ಅದರಲ್ಲಿ ಇತ್ತು. ಅವಳು ಅದನ್ನು ಎರಡು ಸಲ ಓದಿದಳು. ತಾನು ಒಳಗೊಳಗೇ ತನಗೆ ಹೇಳಿಕೊಳ್ಳುತ್ತಿದ್ದುದನ್ನೇ ಯಾರೋ ಟೈಪ್ ಮಾಡಿ ಕಳಿಸಿದ್ದರು. ಅನೇಕ ತಾರೀಕುಗಳು ಬಂದವು, ಹೋದವು. ಒಮ್ಮೆ ಅವರ ವಕೀಲರಿಗೆ ಜ್ವರ, ಒಮ್ಮೆ ನ್ಯಾಯಾಲಯಕ್ಕೇ ರಜೆ. ಕಡೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮನ ಅಭಿಪ್ರಾಯ ಬಂದು ಸೇರಿದ ಮೇಲೆ, ಮೊದಲು ಕೂತು ಮಾತಾಡಿ ನೋಡಿ ಎಂದು ನ್ಯಾಯಾಲಯ ಎರಡೂ ಕಡೆಯವರನ್ನು ಮಧ್ಯಸ್ಥರ ಬಳಿ ಕಳಿಸಿತು.

ಮಧ್ಯಸ್ಥರ ಕೋಣೆಯಲ್ಲಿ ಒಂದು ಉದ್ದನೆಯ ಮೇಜು, ನೀರಿನ ಜಗ್ಗು, ಯಾರೂ ಮುಟ್ಟದ ಬಿಸ್ಕತ್ತು. ಮಧ್ಯಸ್ಥರು ನಿವೃತ್ತ ನ್ಯಾಯಾಧೀಶರು, ಕೆಮ್ಮಿನ ಮಾತ್ರೆ ಚೀಪುತ್ತಿದ್ದರು. ಆ ಕಡೆ ಡಾಕ್ಟರು, ಅವನ ವಕೀಲರು, ಆಸ್ಪತ್ರೆಯ ಮ್ಯಾನೇಜರು. ಈ ಕಡೆ ವಕೀಲೆ, ಮೇಡಂ, ಅವಳ ಎಡಕ್ಕೆ ಗಂಡ. ಡಾಕ್ಟರು ತೆಳ್ಳಗಾಗಿದ್ದ. ಮೇಡಂ ಕಂಡ ಕೂಡಲೇ ಎದ್ದು ನಿಂತ. ಅವನ ವಕೀಲರು ತೋಳು ಹಿಡಿದು ಕೂರಿಸಿದರು.

ಎದುರಿನ ವಕೀಲರು ಸುತ್ತಿ ಬಳಸಿ ಮಾತಾಡುವವರಲ್ಲ. "ಎರಡನೇ ಭೇಟಿಯಲ್ಲಿ ಕಡಿಮೆಯಾಗಿದೆ ಅಂತ ನೀವೇ ಹೇಳಿದ್ರಿ, ಹೌದೋ ಅಲ್ವೋ?"

"ಹೌದು," ಅಂದಳು ಮೇಡಂ.

ವಕೀಲೆ ಕಣ್ಣು ಮುಚ್ಚಿಕೊಂಡಳು.

"ಮತ್ತೆ ಡಾಕ್ಟ್ರು ಏನು ಮಾಡಬೇಕಿತ್ತು? ನೀವು ಕಡಿಮೆ ಅಂದ್ರೂ ಇಲ್ಲ ಜಾಸ್ತಿಯಾಗಿದೆ ಅನ್ನಬೇಕಿತ್ತಾ?"

ಇದರ ಉತ್ತರವನ್ನೇ ಮೇಡಂ ಅಷ್ಟು ದಿನ ಅಕ್ಕಿಯೊಳಗೆ ಹುಡುಕುತ್ತಿದ್ದದ್ದು. ತಲೆ ತಗ್ಗಿಸಿ ಕೂತಳು. ಗಂಡ ಏನೋ ಹೇಳಲು ಹೊರಟ, ವಕೀಲೆ ತಡೆದಳು. ಮಧ್ಯಸ್ಥರು ಮಾತ್ರೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ದಾಟಿಸಿ, ಡಾಕ್ಟರ ಕಡೆ ತಿರುಗಿದರು. "ಇದು ಕೋರ್ಟಲ್ಲ. ಇಲ್ಲಿ ಆಡಿದ ಮಾತು ಇಲ್ಲೇ ಇರತ್ತೆ. ನೀವೇನಾದ್ರೂ ಹೇಳೋದಿದ್ಯಾ?"

"ನನ್ನ ಕಕ್ಷಿದಾರರು ಹೇಳೋದನ್ನ ಬರವಣಿಗೆಯಲ್ಲಿ—" ಎಂದರು ವಕೀಲರು.

"ಅವರನ್ನ ಕೇಳಿದೆ," ಎಂದರು ಮಧ್ಯಸ್ಥರು.

ಡಾಕ್ಟರು ಬಾಯಿ ತೆರೆದ. "ಮೇಡಂ ಬಂದಾಗ... ಮೊದಲನೇ ಸಲ... ಅಂದ್ರೆ..." ಅಲ್ಲಿಗೇ ನಿಂತ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ, ತಿರುವಿನ ನಡುವೆ ಸಿಕ್ಕಿಕೊಂಡಾಗ ನೋಡುತ್ತಿದ್ದ ಹಾಗೆಯೇ ಅವಳ ಕಡೆ ನೋಡಿದ.

ಮೇಜಿನ ಕೆಳಗೆ ಮೇಡಂ ಬಲಗಾಲು ನೆಲವನ್ನು ಒತ್ತುತ್ತಿತ್ತು. ಒತ್ತಿ ಎಷ್ಟು ಹೊತ್ತಾಗಿತ್ತೋ, ಪಾದದ ಬೆರಳುಗಳು ನೋಯುತ್ತಿದ್ದವು. ಪದವೂ ಗಂಟಲಿಗೆ ಬಂದು ನಿಂತಿತ್ತು. ಅವಳೊಂದು ಮಾತು ಆಡಿದ್ದರೆ ಸಾಕಿತ್ತು, ಅವನು ಉಸಿರು ಬಿಡುತ್ತಿದ್ದ, ವಕೀಲರು ಕಾಗದ ಮುಂದೆ ಸರಿಸುತ್ತಿದ್ದರು, ಎಲ್ಲರೂ ಬಿಸ್ಕತ್ತು ತಿನ್ನುತ್ತಿದ್ದರು. ಅವನ ಮುಖ ನೋಡಿ ಅವಳಿಗೆ ಪಾಪ ಅನ್ನಿಸಿತು. ತನ್ನ ಕಾಲು ನೋಡಿಕೊಂಡು ಸಿಟ್ಟು ಬಂತು. ಅವನ ಮೇಲೋ ತನ್ನ ಮೇಲೋ ತಿಳಿಯಲಿಲ್ಲ, ಆದರೆ ಬಂದದ್ದು ಸಿಟ್ಟೇ. ಇಷ್ಟು ವರ್ಷ ಎಲ್ಲಿತ್ತೋ, ಈಗ ಬಡ್ಡಿ ಸಮೇತ ಬಂದಿತ್ತು. ಅವಳು ಕಾಲು ಎತ್ತಿದಳು. ಏನೂ ಹೇಳಲಿಲ್ಲ.

ಡಾಕ್ಟರು ಕಾದ. ಸಹಾಯ ಬರುವುದಿಲ್ಲವೆಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಾನು ಒಳಗೆ ನೋಡ್ಲಿಲ್ಲ," ಎಂದ.

"ಡಾಕ್ಟ್ರೇ," ಎಂದರು ಅವನ ವಕೀಲರು.

"ನೋಡ್ಲಿಲ್ಲ. ಮಿಂಚು ಅಂದ್ರು, ನೊಣ ಅಂದ್ರು. ಅಷ್ಟು ಹೇಳಿದ್ರೆ ಪಾಪೆ ಅಗಲಿಸಿ ನೋಡ್ಲೇಬೇಕು. ಮೊದಲನೇ ವರ್ಷದವರಿಗೂ ಗೊತ್ತಿರತ್ತೆ. ಹೊರಗೆ ಜನ ತುಂಬಿದ್ರು. ಪಾಪೆ ಅಗಲಿಸೋ ಡ್ರಾಪ್ಸ್ ಹಾಕಿದ್ರೆ ಸಂಜೆವರೆಗೂ ಕಣ್ಣು ಮಂಜಾಗತ್ತೆ, ಮೇಡಂಗೆ ಕ್ಲಾಸಿರತ್ತೆ ಅಂದ್ಕೊಂಡೆ. ಎರಡನೇ ಸಲ ಅವರು ಕಡಿಮೆ ಅಂದಾಗ ನನಗೆ ಸಮಾಧಾನ ಆಯ್ತು. ನೆರಳು ಅಂದಿದ್ದೂ ಕೇಳಿಸ್ತು. ಕೇಳಿಸ್ದೇ ಇರೋ ಹಾಗೆ ಇದ್ದೆ." ಅವನು ನಿಲ್ಲಿಸಿದ. "ಅವರು ಏನಂದ್ರು ಅನ್ನೋದು ಮುಖ್ಯ ಅಲ್ಲ. ನೋಡೋದು ನನ್ನ ಕೆಲಸ. ಕ್ಷಮಿಸಿ ಮೇಡಂ."

ಎಲ್ಲರೂ ಮೇಡಂ ಕಡೆ ನೋಡಿದರು. ವಕೀಲೆಯ ಕೈ ಅವಳ ಮೊಣಕೈ ಮೇಲೆ ಬಂದು ಕೂತಿತು.

"ಹೌದು," ಅಂದಳು ಮೇಡಂ. "ನೋಡಬೇಕಿತ್ತು."

ಅವಳ ದನಿ ಸಣ್ಣಗಿತ್ತು. ಆದರೆ ಡಾಕ್ಟರು ತಲೆ ಬಗ್ಗಿಸಿದ, ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಅವಳಿಗೆ ಎದೆಯ ಮೇಲಿಂದ ರುಬ್ಬುವ ಕಲ್ಲು ಇಳಿಸಿದಷ್ಟು ಹಗುರವಾಯಿತು, ಅದರ ಬೆನ್ನಿಗೇ ಅಳು ಬಂತು. ತಪ್ಪು ಯಾರದ್ದೆಂದು ಗೊತ್ತಾದರೆ ಸಾಕು ಅಂದುಕೊಂಡಿದ್ದಳು. ಗೊತ್ತಾದ ಮೇಲೆ ಉಳಿದದ್ದು ಕಣ್ಣು. ಅಷ್ಟು ದಿನ ತಪ್ಪಿನ ಲೆಕ್ಕದಲ್ಲಿ ಮುಳುಗಿ ಅದರ ದುಃಖವನ್ನೇ ಅವಳು ಪಟ್ಟಿರಲಿಲ್ಲ.

ಇಷ್ಟಾದ ಮೇಲೆ ಮ್ಯಾನೇಜರಿಗೆ ಅವಸರ ಹತ್ತಿತು. ಡಾಕ್ಟರು ಇನ್ನೂ ಏನಾದರೂ ಹೇಳಿಬಿಟ್ಟಾರೆಂಬ ಭಯ ಇರಬೇಕು. ಪರಿಹಾರದ ವಿಷಯಕ್ಕೆ ಆಸ್ಪತ್ರೆಯವರು ತಕರಾರಿಲ್ಲದೆ ಒಪ್ಪಿದರು. ವಕೀಲೆಗೆ ತಾನೇ ಕಡಿಮೆ ಕೇಳಿದೆನೇನೋ ಎಂದು ಅನುಮಾನವಾಯಿತು. ರಾಜಿಪತ್ರದಲ್ಲಿ ಆಸ್ಪತ್ರೆಯ ಕಡೆಯಿಂದ ವಿಷಾದದ ಒಂದು ಸಾಲೂ ಇರಲಿ ಎಂದು ಮಧ್ಯಸ್ಥರು ಸೂಚಿಸಿದರು. ಮ್ಯಾನೇಜರು ಕೂಡಲೇ ಬರೆದು ಓದಿದ, "ಚಿಕಿತ್ಸೆಯ ಅವಧಿಯಲ್ಲಿ ರೋಗಿಗೆ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

"ಅದು ಬೇಡ," ಅಂದಳು ಮೇಡಂ.

"ಯಾವುದು?"

"ಅನಾನುಕೂಲ."

"ಇದು ರೂಢಿಯ ಪದ ಮೇಡಂ. ಎಲ್ಲ ಕಡೆ ಹೀಗೇ ಬರೆಯೋದು."

"ಲಿಫ್ಟ್ ಕೆಟ್ಟಾಗ ಬರೀರಿ," ಅಂದಳು ಮೇಡಂ. ತನ್ನ ಬಾಯಿಂದ ಬಂದ ಮಾತಿಗೆ ತಾನೇ ಸ್ವಲ್ಪ ಬೆಚ್ಚಿದಳು, ಆದರೆ ನಿಲ್ಲಿಸಲಿಲ್ಲ. "ನಂದು ಎಡಗಣ್ಣು ಹೋಗಿದೆ. ಮಬ್ಬಲ್ಲ. ಪೂರ್ತಿ ಹೋಗಿದೆ. ಬೆಳಕು ಹಾಕಿದ್ರೂ ಗೊತ್ತಾಗಲ್ಲ. ಹಾಗಂತ ಬರೀರಿ."

ಮ್ಯಾನೇಜರು ವಕೀಲರ ಮುಖ ನೋಡಿದ. ಇಂಥ ಮಾತಿಗೆ ವಿಮೆ ಕಂಪನಿಯವರು ಒಪ್ಪುವುದು ಕಷ್ಟ ಎಂದು ವಕೀಲರು ಗೊಣಗಿದರು.

"ಒಪ್ಪದಿದ್ರೆ ಕೇಸ್ ನಡೀಲಿ," ಅಂದಳು ಮೇಡಂ.

"ಬರೀರಿ," ಎಂದ ಡಾಕ್ಟರು.

ಮ್ಯಾನೇಜರು ಹಳೆಯ ಸಾಲನ್ನು ಹೊಡೆದುಹಾಕಿ ಹೊಸದು ಬರೆಯತೊಡಗಿದ. ಆಗ ಮೇಜಿನ ಈ ಕಡೆ ಕುರ್ಚಿ ಎಳೆದ ಸದ್ದಾಯಿತು. ಗಂಡ ಎದ್ದು ನಿಂತಿದ್ದ. ಅಷ್ಟು ವರ್ಷ ಎಲ್ಲದಕ್ಕೂ ಮಾತಿದ್ದವನು ಈಗ ಬಾಯಿ ಬಿಗಿದುಕೊಂಡು, ತನ್ನ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ, ಮೇಡಂ ಬೆನ್ನ ಹಿಂದಿನಿಂದ ಸುತ್ತಿ ಬರುತ್ತಿದ್ದ. ಕುರ್ಚಿಯ ಕಾಲು ಗೋಡೆಗೆ ತಾಗಿ ಸುಣ್ಣ ಉದುರಿತು.

"ಎಲ್ಲಿಗೆ ಯಜಮಾನ್ರೇ?" ಎಂದರು ಮಧ್ಯಸ್ಥರು.

"ಅವಳಿಗೆ ಕಾಣೋ ಕಡೆಗೆ," ಎಂದು ಹೇಳಿ ಅವನು ಮೇಡಂ ಬಲಕ್ಕೆ ಕುರ್ಚಿ ಹಾಕಿಕೊಂಡು ಕೂತ.